ಮರುವಾಯಿ ವಿಷ ಬೇಯಿಸಿದರೆ ಹೋಗದು, ಅದನ್ನು ಹೊರಹಾಕುವುದು ಕಿಡ್ನಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮರುವಾಯಿ (ಅಳಿವೆಯ ಮರಳಲ್ಲಿ ಸಿಗುವ ಚಿಪ್ಪಿನ ಪ್ರಾಣಿ) ಸುಕ್ಕ ಮಾಡುವ ಬಗೆ ಬಂದಿತ್ತು. ಚೆನ್ನಾಗಿತ್ತು. ಕೊತ್ತಂಬರಿ, ಮೆಣಸು ಹುರಿಯುವ ಹದವನ್ನೂ ಸರಿಯಾಗಿಯೇ ಬರೆದಿದ್ದರು. ಆದರೆ ಕೊನೆಯಲ್ಲಿ ಒಂದು ಮಾತು ಸೇರಿಸಿದ್ದರು: ರಾತ್ರಿಯಿಡೀ ಉಪ್ಪುನೀರಲ್ಲಿ ಹಾಕಿಟ್ಟು, ಮರುದಿನ ಚೆನ್ನಾಗಿ ಬೇಯಿಸಿದರೆ ಯಾವ ವಿಷದ ಭಯವೂ ಇಲ್ಲ ಅಂತ. ಆ ಮಾತು ತಪ್ಪು. ಯಾರಾದರೂ ಅದನ್ನು ನಂಬಿ ಕೂತರೆ ಜೀವಕ್ಕೇ ಅಪಾಯ. ಅದಕ್ಕೇ ಸ್ವಲ್ಪ ಉದ್ದವಾದರೂ ಪರವಾಗಿಲ್ಲ ಅಂತ ಈ ಪತ್ರ ಬರೆಯುತ್ತಿದ್ದೇನೆ.

ನಾನು ಉಡುಪಿ ಕಡೆಯವಳು. ಡಯಾಲಿಸಿಸ್ ವಿಭಾಗದಲ್ಲಿ ನರ್ಸ್ ಆಗಿ ದುಡಿದು ನಿವೃತ್ತಿಯಾದವಳು. ಕೆಮ್ಮಣ್ಣಿನ ಕಡೆಯಿಂದ ಮರುವಾಯಿ ತರುವ ಹೆಂಗಸರ ಕೈಯಿಂದ ಕೊಂಡು ತಿಂದೇ ಬೆಳೆದವಳು, ಈಗಲೂ ತಿನ್ನುತ್ತೇನೆ. ಯಾರ ವ್ಯಾಪಾರಕ್ಕೂ ಕಲ್ಲು ಹಾಕುವ ಉದ್ದೇಶ ನನಗಿಲ್ಲ. ವರ್ಷದ ಹೆಚ್ಚಿನ ದಿನ ನಮ್ಮ ಮರುವಾಯಿ ಒಳ್ಳೆಯ ಆಹಾರವೇ. ತೊಂದರೆ ಬರುವುದು ಅಪರೂಪ. ಬಂದಾಗ ಮಾತ್ರ ಕೈಯಲ್ಲಿ ಇರುವುದು ಕೆಲವೇ ಗಂಟೆ.

ನಮ್ಮಲ್ಲಿ ಇದೆಲ್ಲ ಎಲ್ಲಿದೆ ಅನ್ನುವವರಿಗೆ ಹೇಳುತ್ತೇನೆ. 1983ರಲ್ಲಿ ಮಂಗಳೂರಿಗೆ ಹತ್ತಿರದ ಕುಂಬಳೆ ಅಳಿವೆಯ ಮರುವಾಯಿ ತಿಂದು ಒಬ್ಬ ಹುಡುಗ ತೀರಿಕೊಂಡ. ಇನ್ನೂ ಹಲವರು ಆಸ್ಪತ್ರೆ ಸೇರಿದರು. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು ಅದನ್ನು ಪರೀಕ್ಷಿಸಿ, ಪಾಚಿಯ ವಿಷ ಅಂತ ದಾಖಲಿಸಿದರು. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಬಂಡೆಗೆ ಅಂಟಿಕೊಂಡು ಬೆಳೆಯುವ ಚಿಪ್ಪು, ಅಂದರೆ ನಾವು ಪಚ್ಚಿಲೆ ಅನ್ನುವ ಜಾತಿಯದು, ತಿಂದು ಏಳು ಜನ ಸತ್ತರು. ಆಸ್ಪತ್ರೆಗೆ ಹೋದವರು ಐನೂರರ ಹತ್ತಿರ. ಎರಡೂ ನಮ್ಮದೇ ಪಡುವಣ ಕಡಲು.

ವಿಷ ಮಾಡುವುದು ಮರುವಾಯಿ ಅಲ್ಲ. ಕಣ್ಣಿಗೆ ಕಾಣದ ಕೆಲವು ಜಾತಿಯ ಪಾಚಿ ಸ್ಯಾಕ್ಸಿಟಾಕ್ಸಿನ್ ಅನ್ನುವ ವಿಷ ತಯಾರು ಮಾಡುತ್ತವೆ. ಮರುವಾಯಿ ನೀರು ಸೋಸಿ ಪಾಚಿ ತಿನ್ನುತ್ತದೆ, ವಿಷ ಅದರ ಮೈಯಲ್ಲಿ ಕೂಡುತ್ತದೆ. ಅದಕ್ಕೇನೂ ಆಗುವುದಿಲ್ಲ. ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗುವುದಿಲ್ಲ. ಕಡಲು ಕೆಂಪಾದರೆ ಮಾತ್ರ ಅಪಾಯ ಅನ್ನುವ ನಂಬಿಕೆಯೂ ಸರಿಯಲ್ಲ. ನೀರು ತಿಳಿಯಾಗಿದ್ದಾಗಲೂ ವಿಷ ಇರಬಹುದು. 2020ರ ಕೊನೆಯಲ್ಲಿ ನಮ್ಮ ಕರಾವಳಿಯಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದವಲ್ಲ, ಆ ಜೀವಿ ಈ ವಿಷ ಮಾಡುವುದೇ ಇಲ್ಲ.

ಉಪ್ಪುನೀರಲ್ಲಿ ಹಾಕಿಟ್ಟರೆ ಹೊಯಿಗೆ, ಅಂದರೆ ಮರಳು, ಹೋಗುತ್ತದೆ. ಬೆಳಿಗ್ಗೆ ಬಾಲ್ದಿಯ ತಳದಲ್ಲಿ ನಾವೇ ನೋಡುತ್ತೇವೆ. ವಿಷ ಒಂದು ರಾತ್ರಿಯಲ್ಲಿ ಹೋಗುವುದಿಲ್ಲ. ಶುದ್ಧ ಕಡಲ ನೀರಲ್ಲಿ ಬಿಟ್ಟರೂ ಚಿಪ್ಪುಗಳಿಗೆ ವಾರಗಟ್ಟಲೆ ಬೇಕಾಗುತ್ತದೆ. ಅಲಾಸ್ಕದ ಒಂದು ಜಾತಿಯ ಚಿಪ್ಪು ಎರಡು ವರ್ಷದವರೆಗೂ ಇಟ್ಟುಕೊಳ್ಳುತ್ತದೆ. ಬೇಯಿಸಿದರೂ ಅಷ್ಟೇ, ಈ ವಿಷ ಕುದಿಗೆ ಜಗ್ಗುವುದಿಲ್ಲ. ನೀರಲ್ಲಿ ಕರಗುವ ವಿಷವಾದ್ದರಿಂದ ಸ್ವಲ್ಪ ಭಾಗ ಬೇಯಿಸಿದ ನೀರಿಗೆ ಇಳಿಯುತ್ತದೆ. ನಾವು ಆ ನೀರನ್ನು ಚೆಲ್ಲುವವರಾ? ಪುಂಡಿಗೆ (ಅಕ್ಕಿ ಕಡುಬಿಗೆ) ಹಾಕುವ ಮರುವಾಯಿ ಗಸಿಯಲ್ಲಿ ಅದೇ ನೀರಿನ ರುಚಿ ಇರುವುದು.

ನೀರಲ್ಲಿ ಕರಗುತ್ತದೆ ಅನ್ನುವ ಇದೇ ಗುಣ ನಮ್ಮ ಮೈಯೊಳಗೆ ಉಪಕಾರಕ್ಕೆ ಬರುತ್ತದೆ. ನಾನು ಬರೆಯಲು ಕೂತದ್ದೇ ಇದಕ್ಕೆ.

ವಿಷ ಹೊಟ್ಟೆಯಿಂದ ರಕ್ತಕ್ಕೆ ಬೇಗ ಸೇರುತ್ತದೆ. ತಿಂದ ಅರ್ಧ ಗಂಟೆಯೊಳಗೇ ತುಟಿ, ನಾಲಿಗೆ ಜುಮುಗುಡಲು ಶುರುವಾಗಬಹುದು. ಆಮೇಲೆ ಮುಖ, ಬೆರಳ ತುದಿ. ಗಾಳಿಯಲ್ಲಿ ತೇಲಿದ ಹಾಗಾಗುತ್ತದೆ ಅಂತ ಎಷ್ಟೋ ರೋಗಿಗಳು ಹೇಳಿದ್ದು ದಾಖಲಾಗಿದೆ. ನರದ ಗೋಡೆಯಲ್ಲಿ ಸೋಡಿಯಂ ಒಳಗೆ ಹೋಗುವ ಸಣ್ಣ ಬಾಗಿಲುಗಳಿವೆ. ಬಾಟಲಿಗೆ ಬಿರಡೆ ಹಾಕಿದ ಹಾಗೆ ಸ್ಯಾಕ್ಸಿಟಾಕ್ಸಿನ್ ಅದರ ಬಾಯಲ್ಲಿ ಕೂರುತ್ತದೆ. ನರದ ಸಂದೇಶ ಮುಂದೆ ಹೋಗುವುದಿಲ್ಲ. ಕೈಕಾಲು ಸೋಲುತ್ತವೆ. ಕೊನೆಗೆ ಉಸಿರೆಳೆಯುವ ಸ್ನಾಯುಗಳು ನಿಲ್ಲುತ್ತವೆ. ಹೆಚ್ಚಿನವರು ಸಾಯುವುದು ಉಸಿರು ನಿಂತೇ. ಅಷ್ಟು ಹೊತ್ತೂ ಎಚ್ಚರ ಇರುತ್ತದೆ ಅನ್ನುವುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಕಣ್ಣು ಬಿಡಲಾಗದೆ ಮಲಗಿದವರು ನಮ್ಮ ಮಾತೆಲ್ಲ ಕೇಳುತ್ತಿರುತ್ತಾರೆ. ಮಂಚದ ಪಕ್ಕ ನಿಂತು ಆಸೆ ಇಲ್ಲ ಅನ್ನುವ ಮಾತು ಆಡಬಾರದು.

ಯಾಕೆಂದರೆ ಆಸೆ ಇದೆ, ಜಾಸ್ತಿಯೇ ಇದೆ. ಬಾಗಿಲಿಗೆ ಕೂತ ವಿಷ ಅಲ್ಲೇ ಅಂಟಿಕೊಂಡು ಉಳಿಯುವುದಿಲ್ಲ, ಬಿಟ್ಟು ಬರುತ್ತದೆ. ರಕ್ತಕ್ಕೆ ಬಂದದ್ದನ್ನು ಕಿಡ್ನಿ ಸೋಸಿ ಮೂತ್ರಕ್ಕೆ ಹಾಕುತ್ತದೆ. 1994ರಲ್ಲಿ ಅಲಾಸ್ಕದ ಕೋಡಿಯಾಕ್ ದ್ವೀಪದಲ್ಲಿ ಚಿಪ್ಪು ತಿಂದು ವಿಷವೇರಿದವರ ರಕ್ತ, ಮೂತ್ರ ತೆಗೆದು ನೋಡಿದರು. ಒಂದು ದಿನದೊಳಗೆ ರಕ್ತ ತಿಳಿಯಾಗುತ್ತಿತ್ತು. ರಕ್ತದಲ್ಲಿರುವ ವಿಷ ಅರ್ಧಕ್ಕೆ ಇಳಿಯಲು 10 ಗಂಟೆಗಿಂತ ಕಡಿಮೆ ಸಾಕಾಗಿತ್ತು. ಹೊರಹೋಗುವ ಮುಖ್ಯ ದಾರಿ ಮೂತ್ರ. ಚಿಪ್ಪಿನಲ್ಲಿದ್ದ ವಿಷಗಳ ಮಿಶ್ರಣವೂ ರೋಗಿಯ ಮೈಯಲ್ಲಿ ಸಿಕ್ಕ ಮಿಶ್ರಣವೂ ಒಂದೇ ಥರ ಇರಲಿಲ್ಲ. ಅಂದರೆ ಮೈ ಸುಮ್ನೆ ಸೋಸಿ ಬಿಡುವುದಲ್ಲ, ಕೆಲವನ್ನು ಬದಲಾಯಿಸಿಯೂ ಕಳಿಸುತ್ತದೆ. 2002ರಲ್ಲಿ ಚಿಲಿ ದೇಶದ ತೆಂಕಣ ತುದಿಯಲ್ಲಿ ಇಬ್ಬರು ಮೀನುಗಾರರು ತಿಂದ ಮೂರು ನಾಲ್ಕು ಗಂಟೆಯಲ್ಲೇ ಸತ್ತರು. ಅಷ್ಟರಲ್ಲೇ ಅವರ ಮೂತ್ರಕ್ಕೂ ಪಿತ್ತಕ್ಕೂ ವಿಷ ಬಂದಿತ್ತು. ಹೊರಹಾಕುವ ಕೆಲಸ ಶುರುವಾಗಿತ್ತು. ಉಸಿರು ಅಲ್ಲಿಯವರೆಗೆ ತಡೆಯಲಿಲ್ಲ, ಅಷ್ಟೇ.

ಹಾಗಾಗಿ ಈ ವಿಷಕ್ಕೆ ಮದ್ದಿಲ್ಲ ಅನ್ನುವುದು ನಿಜವಾದರೂ, ಏನೂ ಮಾಡಲಾಗದು ಅನ್ನುವುದು ಸುಳ್ಳು. ಕಿಡ್ನಿಗೆ ಒಂದು ದಿನದ ಸಮಯ ಕೊಡಿಸಬೇಕು. ವೆಂಟಿಲೇಟರ್ ಇದ್ದರೆ ಅದರಲ್ಲಿ. ಇಲ್ಲದಿದ್ದರೆ ದೊಡ್ಡಾಸ್ಪತ್ರೆ ಮುಟ್ಟುವವರೆಗೆ ಅಂಬು ಬ್ಯಾಗ್, ಅಂದರೆ ಕೈಯಿಂದ ಒತ್ತಿ ಉಸಿರು ಕೊಡುವ ಚೀಲ, ಒತ್ತುತ್ತಾ. ನಾನು ಬೇರೆ ಕಾಯಿಲೆಯವರಿಗೆ ಆಂಬುಲೆನ್ಸ್‌ನಲ್ಲಿ ಆ ಚೀಲ ಒತ್ತಿದವಳು. ಐದಾರು ಸೆಕೆಂಡಿಗೆ ಒಂದು ಸಲ, ಎದೆ ಏಳುವಷ್ಟು ಮಾತ್ರ. ಮಾಸ್ಕ್ ಹಿಡಿದ ಕೈಯ ಮೂರು ಬೆರಳು ದವಡೆಯ ಮೂಳೆಯ ಕೆಳಗೆ ಕೊಕ್ಕೆ ಹಾಕಿ ಮೇಲೆತ್ತಿ ಹಿಡಿಯಬೇಕು. ಘಟ್ಟದ ತಿರುವಿನ ರಸ್ತೆಯಲ್ಲಿ ಕೈ ಸೋತು ಹೋಗುತ್ತದೆ. ಆಗ ಇನ್ನೊಬ್ಬರು ತೆಗೆದುಕೊಳ್ಳಬೇಕು. ಅದಕ್ಕೇ ಇಂಥ ರೋಗಿಯ ಜತೆ ಒಬ್ಬರೇ ಹೋಗಬಾರದು.

ನಮ್ಮ ತಾಲೂಕು ಆಸ್ಪತ್ರೆಗಳ ಸಿಬ್ಬಂದಿಗೆ ಇದು ಹೊಸ ವಿದ್ಯೆ ಅಲ್ಲ. ಕಟ್ಟುಹಾವು ಕಚ್ಚಿದವರನ್ನು ಅವರು ಹೀಗೇ ಕಾಯುತ್ತಾರೆ. ರೆಪ್ಪೆ ಜೋಲುತ್ತಿದೆಯಾ, ಎಂಜಲು ನುಂಗಲು ಆಗುತ್ತಿದೆಯಾ ಅಂತ ನೋಡುತ್ತಿರುತ್ತಾರೆ. ಒಂದೇ ಉಸಿರಲ್ಲಿ ಒಂದರಿಂದ ಎಣಿಸಲು ಹೇಳುತ್ತಾರೆ. ಮೊದಲು 20ರ ತನಕ ಹೋಗುತ್ತಿದ್ದವರು ಸ್ವಲ್ಪ ಹೊತ್ತು ಬಿಟ್ಟು 10ಕ್ಕೇ ನಿಂತರೆ ಕಾಯಬಾರದು. ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮೀಟರ್ ಅಷ್ಟು ಹೊತ್ತೂ ಚೆನ್ನಾಗಿಯೇ ತೋರಿಸುತ್ತಿರಬಹುದು, ಅದನ್ನು ನಂಬಿ ಕೂರಬಾರದು. ಮರುವಾಯಿ ತಿಂದು ತುಟಿ ಜುಮುಗುಡುತ್ತಿದೆ ಅಂತ ಬಂದವರಿಗೂ ಇದೇ ಕಾವಲು ಬೇಕು. ಬರೀ ವಾಂತಿಯ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸುವ ಕೇಸ್ ಅಲ್ಲ ಇದು.

ಇನ್ನು ಕಿಡ್ನಿ ಸರಿ ಇಲ್ಲದವರ ಮಾತು. ನನ್ನ ರೋಗಿಗಳು ಮೀನಿನ ಬಗ್ಗೆ ಏನೆಲ್ಲ ಕೇಳುತ್ತಿದ್ದರು! ಬಂಗುಡೆ ತಿನ್ನಬಹುದಾ, ಒಣಮೀನಿನ ಉಪ್ಪು ಹೇಗೆ ತೆಗೆಯುವುದು, ಸಿಗಡಿಯಲ್ಲಿ ರಂಜಕ ಎಷ್ಟು. ಪಾಚಿಯ ವಿಷದ ಬಗ್ಗೆ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಆದರೆ ಎಲ್ಲರಿಗಿಂತ ಮೊದಲು ಹೇಳಬೇಕಾದದ್ದು ಅವರಿಗೇ.

ಇದಕ್ಕೆ ಕೆನಡಾದ ಕೇಸ್ ನೋಡಿ. 1987ರ ಕೊನೆಯಲ್ಲಿ ಅಲ್ಲಿನ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಸಾಕಿದ ಪಚ್ಚಿಲೆ ಜಾತಿಯ ಚಿಪ್ಪು ತಿಂದು ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಮೂವರು ವಯಸ್ಸಾದವರು ಸತ್ತರು. ಕೆಲವರಿಗೆ ನೆನಪೇ ಹೋಯಿತು. ಆ ವಿಷದ ಹೆಸರು ಡೊಮೋಯಿಕ್ ಆಸಿಡ್, ಅದೂ ಪಾಚಿಯದೇ. ಮಿದುಳಿನಲ್ಲಿ ನೆನಪು ಕಟ್ಟುವ ಭಾಗವನ್ನೇ ಹುಡುಕಿ ಹೊಡೆಯುತ್ತದೆ. ಒಂದೇ ಚಿಪ್ಪು ತಿಂದವರಲ್ಲಿ ಕೆಲವರಿಗೆ ಮಾತ್ರ ಯಾಕೆ ಹೀಗಾಯಿತು ಅಂತ ಹುಡುಕಿದಾಗ ಕಂಡದ್ದು ವಯಸ್ಸು, ಸಕ್ಕರೆ ಕಾಯಿಲೆ ಮತ್ತು ಕಿಡ್ನಿ ಕಾಯಿಲೆ. ಡೊಮೋಯಿಕ್ ಆಸಿಡ್ ಕೂಡ ನೀರಲ್ಲಿ ಕರಗುವಂಥದ್ದು. ಹೊಟ್ಟೆಗೆ ಹೋದದ್ದರಲ್ಲಿ ಹೆಚ್ಚಿನದು ಮಲದಲ್ಲೇ ಹೋಗಿಬಿಡುತ್ತದೆ, ರಕ್ತಕ್ಕೆ ಸೇರುವುದು ಸ್ವಲ್ಪ. ಆ ಸ್ವಲ್ಪವನ್ನು ಕಿಡ್ನಿ ಹಾಗೇ, ಬದಲಾಯಿಸದೆ ಹೊರಹಾಕುತ್ತದೆ. ಇಲಿಯ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು 20 ನಿಮಿಷ ಸಾಕು. ಕಿಡ್ನಿ ತೆಗೆದ ಇಲಿಗಳಲ್ಲಿ ವಿಷ ರಕ್ತದಲ್ಲೇ ಉಳಿದು ಮಿದುಳಿಗೂ ಹೆಚ್ಚು ಸೇರಿತು. ದಾರಿ ಮುಚ್ಚಿದವರಿಗೆ ಕಡಿಮೆ ವಿಷವೂ ಜಾಸ್ತಿಯೇ.

ಸ್ಯಾಕ್ಸಿಟಾಕ್ಸಿನ್ ಅಣುವಿನ ತೂಕ ಸುಮಾರು 300. ಡಯಾಲಿಸಿಸ್‌ನಲ್ಲಿ ನಾವು ದಿನಾ ತೆಗೆಯುವ ಯೂರಿಯಾ 60, ಕ್ರಿಯಾಟಿನಿನ್ 113. ಲೆಕ್ಕದ ಪ್ರಕಾರ 300 ಕೂಡ ನಮ್ಮ ಫಿಲ್ಟರಿನ ತೂತು ದಾಟುವಷ್ಟು ಚಿಕ್ಕದೇ. ಹಾಗಾಗಿ ಕಿಡ್ನಿ ಕೆಟ್ಟವರು ಇಂಥ ತೊಂದರೆಯಲ್ಲಿ ಬಂದರೆ ಉಸಿರು ನೋಡಿಕೊಂಡ ಕೂಡಲೇ ನೆಫ್ರಾಲಜಿಸ್ಟ್‌ಗೆ (ಕಿಡ್ನಿ ಡಾಕ್ಟರಿಗೆ) ಫೋನ್ ಹೋಗಬೇಕು ಅನ್ನುವುದು ನನ್ನ ಅಭಿಪ್ರಾಯ.

ಕಡಲ ಪ್ರಾಣಿಗಳ ಕತೆ ಓದಿದ ಮೇಲೆ ನನಗೆ ಕಿಡ್ನಿಯ ಬೆಲೆ ಇನ್ನೂ ಚೆನ್ನಾಗಿ ತಿಳಿಯಿತು. 1987ರ ನವೆಂಬರ್‌ನಿಂದ ಮುಂದಿನ ಜನವರಿಯೊಳಗೆ ಅಮೆರಿಕದ ಕೇಪ್ ಕಾಡ್ ಹತ್ತಿರ 14 ಹಂಪ್‌ಬ್ಯಾಕ್ ತಿಮಿಂಗಿಲಗಳು ಸತ್ತವು. ಮೈ ತುಂಬಿದ್ದ, ಹೊಟ್ಟೆಯಲ್ಲಿ ಮೀನಿದ್ದ ಪ್ರಾಣಿಗಳು. ಅದರಲ್ಲಿ ಒಂದು, ಸತ್ತು ಸಿಗುವ 90 ನಿಮಿಷ ಮೊದಲು ಸರಿಯಾಗಿಯೇ ಇದ್ದದ್ದನ್ನು ಜನ ನೋಡಿದ್ದರು. ಅವು ತಿಂದಿದ್ದ ಮ್ಯಾಕೆರೆಲ್ ಮೀನಿನಲ್ಲಿ ಸ್ಯಾಕ್ಸಿಟಾಕ್ಸಿನ್ ಇತ್ತು. ನಮ್ಮ ಬಂಗುಡೆಯ ಬಳಗದ ಮೀನು ಅದು. ಅಷ್ಟು ದೊಡ್ಡ ಪ್ರಾಣಿಗೆ ಅಷ್ಟು ವಿಷ ಹೇಗೆ ಸಾಕಾಯಿತು ಅಂತ ವಿಜ್ಞಾನಿಗಳು ಯೋಚಿಸಿದರು. ತಿಮಿಂಗಿಲದ ತೂಕದಲ್ಲಿ ನೂರಕ್ಕೆ ಸುಮಾರು 30 ಪಾಲು ಕೊಬ್ಬು. ನೀರಲ್ಲಿ ಕರಗುವ ವಿಷ ಕೊಬ್ಬಿಗೆ ಹೋಗುವುದಿಲ್ಲ, ಉಳಿದ ಮೈಯಲ್ಲೇ ಹಂಚಿಕೆಯಾಗುತ್ತದೆ. ಇನ್ನೊಂದು, ಮುಳುಗಿದಾಗ ಅದರ ರಕ್ತ ಮಿದುಳು, ಹೃದಯದ ಕಡೆಗೇ ಹೆಚ್ಚು ಹರಿಯುತ್ತದೆ. ಲಿವರ್, ಕಿಡ್ನಿಗೆ ಹರಿವು ಕಡಿಮೆಯಾಗುತ್ತದೆ. ಆಮ್ಲಜನಕ ಉಳಿಸಲು ಮೈ ಮಾಡಿಕೊಂಡ ಏರ್ಪಾಟು ಅದು. ವಿಷ ಒಳಗಿದ್ದಾಗ ಅದೇ ಮುಳುವಾಗುತ್ತದೆ. ಹೊರಹಾಕಬೇಕಾದ ಅಂಗಕ್ಕೆ ರಕ್ತವೇ ಬಾರದೆ, ಮಿದುಳಿಗೆ ವಿಷ ಹೋಗುತ್ತಿರುತ್ತದೆ. ಇದು ಅವರ ಊಹೆ, ಆದರೆ ಕಿಡ್ನಿಯ ಕೆಲಸ ನೋಡಿದವಳಿಗೆ ಇದು ಸರಿ ಅನ್ನಿಸುತ್ತದೆ. ಬಿ.ಪಿ. ಬಿದ್ದು ಮೂತ್ರ ನಿಂತವರನ್ನು ನೋಡಿದ ಯಾವ ನರ್ಸ್‌ಗೂ ಅನ್ನಿಸುತ್ತದೆ. ಆದ್ದರಿಂದಲೇ ಇಂಥ ರೋಗಿಗೆ ಡ್ರಿಪ್ ಹಾಕಿ ಬಿ.ಪಿ. ಕಾಪಾಡುವುದು ಸುಮ್ಮನೆ ಮಾಡುವ ಕೆಲಸ ಅಲ್ಲ.

1998ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ಕಡೆ 400ಕ್ಕೂ ಹೆಚ್ಚು ಕಡಲಸಿಂಹಗಳು ಡೊಮೋಯಿಕ್ ಆಸಿಡ್‌ನಿಂದ ಸತ್ತವು. ಪಾಚಿ ತಿಂದ ಕೊಲ್ಲತರು ಜಾತಿಯ ಮೀನು ತಿಂದು. ದಡದಲ್ಲಿ ತಲೆ ತೂಗುತ್ತಾ, ಮೈ ಕೆರೆಯುತ್ತಾ, ಫಿಟ್ಸ್ ಬಂದು ಒದ್ದಾಡುತ್ತಿದ್ದವು. ಅಲ್ಲಿ ಚಿಕಿತ್ಸೆ ಕೊಡುವವರು ಫಿಟ್ಸ್ ಮದ್ದಿನ ಜತೆ ದ್ರವ ಕೊಟ್ಟು ಮೂತ್ರದಲ್ಲಿ ವಿಷ ಇಳಿಸಲು ನೋಡುತ್ತಾರೆ. ಇಂಥ ಪ್ರಾಣಿಗಳಲ್ಲಿ ಬಸುರಿಯಾದವು ಎಷ್ಟೋ ಗರ್ಭ ಕಳೆದುಕೊಂಡಿವೆ. ಗರ್ಭಜಲದಲ್ಲೂ ಹೊಟ್ಟೆಯೊಳಗಿನ ಮರಿಯ ಜಠರದ ನೀರಲ್ಲೂ ವಿಷ ಸಿಕ್ಕಿದೆ. ತಾಯಿ ಮೂತ್ರದಲ್ಲಿ ಕಳೆದುಕೊಳ್ಳುತ್ತಾಳೆ. ಮರಿಯ ಮೂತ್ರ ಹೋಗುವುದು ಗರ್ಭಜಲಕ್ಕೆ, ಅದನ್ನೇ ಮರಿ ಮತ್ತೆ ನುಂಗುತ್ತದೆ. ತಾಯಿಯ ರಕ್ತ ತಿಳಿಯಾದ ಮೇಲೂ ಮರಿಗೆ ಬಿಡುಗಡೆ ಇಲ್ಲ. ಬಸುರಿ ಹೆಂಗಸರು ಎಲ್ಲಿಂದ ಬಂತೆಂದು ಗೊತ್ತಿಲ್ಲದ ಚಿಪ್ಪು ತಿನ್ನುವುದು ಬೇಡ ಅಂತ ನಾನು ನಮ್ಮ ಮನೆಯ ಹುಡುಗಿಯರಿಗೆ ಖಡಾಖಂಡಿತವಾಗಿ ಹೇಳುತ್ತೇನೆ.

ಕೊಬ್ಬಲ್ಲಿ ಕರಗುವ ಪಾಚಿವಿಷಗಳೂ ಇವೆ. ಅವುಗಳ ದಾರಿ ಬೇರೆ. ಫ್ಲೋರಿಡಾದ ಕೆಂಪುನೀರಿನ ಬ್ರೆವೆಟಾಕ್ಸಿನ್ 1996ರಲ್ಲಿ 149 ಮ್ಯಾನಟೀಗಳನ್ನು (ನೀರಲ್ಲೇ ಬದುಕುವ ದೊಡ್ಡ ಸಸ್ತನಿ) ಕೊಂದಿತು. ಅದನ್ನು ಲಿವರ್ ಬದಲಾಯಿಸಿ ಪಿತ್ತದ ಮೂಲಕ ಮಲಕ್ಕೆ ಕಳಿಸುತ್ತದೆ, ಮೂತ್ರದ ಪಾಲು ಚಿಕ್ಕದು. ಹವಳದ ದಿಬ್ಬದ ದೊಡ್ಡ ಮೀನುಗಳಲ್ಲಿ ಸಿಗುವ ಸಿಗ್ವಾಟಾಕ್ಸಿನ್ ಇನ್ನೂ ನಿಧಾನ. ತಣ್ಣೀರು ಮುಟ್ಟಿದರೆ ಸುಟ್ಟಂತಾಗುವುದು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. 2015ರಲ್ಲಿ ಮಂಗಳೂರಿನಲ್ಲಿ ರೆಡ್ ಸ್ನ್ಯಾಪರ್ ಮೀನಿನ ತಲೆ ತಿಂದು ಬಹಳ ಜನ ಆಸ್ಪತ್ರೆ ಸೇರಿದ್ದು ಇದೇ ವಿಷದಿಂದ. ಅದರ ಬಗ್ಗೆ ಬೇರೆಯೇ ಬರೆಯಬೇಕು.

ತುಟಿ ಜುಮುಗುಟ್ಟಿದರೆ ಮನೆಯಲ್ಲಿ ಮಜ್ಜಿಗೆ, ಹುಣಸೆ ನೀರು, ಶೇಂದಿ ಅಂತ ಹೊತ್ತು ಕಳೆಯಬೇಡಿ. ಬಾಯಲ್ಲಿ ನುಂಗುವ ಶಕ್ತಿ ಹೋಗುತ್ತಿರುವಾಗ ಕುಡಿಸಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಸ್ಕೂಟರಲ್ಲಿ ತಾವೇ ಹೊರಡುವುದೂ ಬೇಡ. ಜತೆಗೆ ತಿಂದವರನ್ನೆಲ್ಲ ಕರೆದುಕೊಂಡು ಹೋಗಿ, ಏನೂ ಆಗಿಲ್ಲ ಅನ್ನುವವರನ್ನೂ. ಉಳಿದ ಮರುವಾಯಿ, ಚಿಪ್ಪು ಸಮೇತ, ಒಂದು ಡಬ್ಬದಲ್ಲಿ ತನ್ನಿ.

ಆರೋಗ್ಯ ಇಲಾಖೆಗೂ ಮೀನುಗಾರಿಕೆ ಇಲಾಖೆಗೂ ನನ್ನ ಬೇಡಿಕೆ ದೊಡ್ಡದಲ್ಲ. ಈ ವಿಷಕ್ಕೆ ಬಹಳ ದೇಶಗಳು ಒಪ್ಪಿದ ಮಿತಿ ಇದೆ, 100 ಗ್ರಾಂ ಮಾಂಸಕ್ಕೆ 80 ಮೈಕ್ರೋಗ್ರಾಂ. ಹೊರದೇಶಕ್ಕೆ ಹೋಗುವ ಚಿಪ್ಪನ್ನು ಪರೀಕ್ಷಿಸುವ ಕಾಳಜಿ ನಮ್ಮ ಸಂತೆಯ ಮರುವಾಯಿಗೂ ಸಿಗಬೇಕು, ಅಲ್ವಾ? ಸ್ವರ್ಣಾ, ಗಂಗೊಳ್ಳಿ, ಅಘನಾಶಿನಿ, ಕಾಳಿ ಅಳಿವೆಗಳಲ್ಲಿ ಹಿಡಿದ ಚಿಪ್ಪಿನ ಮಾದರಿಯನ್ನು ಆಗಾಗ ನೋಡಿ, ಫಲಿತಾಂಶವನ್ನು ಹೆಕ್ಕುವ ಹೆಂಗಸರಿಗೆ ಮೊದಲು ತಿಳಿಸಿ. ಬಂದ್ ಮಾಡಬೇಕಾದ ವಾರಗಳಿದ್ದರೆ, ಮೀನುಗಾರಿಕೆ ನಿಷೇಧದ ತಿಂಗಳಲ್ಲಿ ಪರಿಹಾರ ಕೊಡುವ ಹಾಗೆ ಅವರಿಗೂ ಕೊಡಿ. ಇಲ್ಲದಿದ್ದರೆ ಹೊಟ್ಟೆಪಾಡಿಗೆ ಅವರು ನೀರಿಗಿಳಿಯದೆ ಇನ್ನೇನು ಮಾಡುತ್ತಾರೆ?

ಕರಾವಳಿಯ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ನನ್ನ ತಂಗಿಯರಿಗೆ ಒಂದು ಮಾತು. ಮೈ ಈ ವಿಷವನ್ನು ಇಷ್ಟು ಬೇಗ ತೊಳೆದು ಕಳಿಸುವುದರಿಂದ ಸಾಕ್ಷಿಯೂ ಅಷ್ಟೇ ಬೇಗ ಹೋಗಿಬಿಡುತ್ತದೆ. ಮರುದಿನ ರಕ್ತ ತೆಗೆದರೆ ಏನೂ ಸಿಗದಿರಬಹುದು. ಕೇಸ್ ಶೀಟಿನಲ್ಲಿ ಫುಡ್ ಪಾಯ್ಸನ್ ಅಂತ ಬರೆದು ಮುಗಿಯುತ್ತದೆ. ಹೀಗೆ ಎಷ್ಟು ಕೇಸ್ ಲೆಕ್ಕಕ್ಕೆ ಸಿಗದೆ ಹೋಗಿವೆಯೋ ಅನ್ನುವುದೇ ನನ್ನ ಚಿಂತೆ. ಚಿಪ್ಪು ತಿಂದು ಜುಮು ಅನ್ನುತ್ತಾ ಯಾರೇ ಬರಲಿ, ಅವರ ಮೊದಲ ಮೂತ್ರವನ್ನು ಚೆಲ್ಲಬೇಡಿ. ಸ್ವಚ್ಛ ಬಾಟಲಿಗೆ ಹಾಕಿ ಫ್ರೀಜರಿನಲ್ಲಿ ಇಡಿ, ಅವರು ತಂದ ಚಿಪ್ಪಿನ ಡಬ್ಬವನ್ನೂ ಪಕ್ಕದಲ್ಲೇ ಇಡಿ. ಬಾಟಲಿ ಮೇಲೆ ಹೆಸರಿನ ಜತೆ ತಿಂದ ಹೊತ್ತು, ಮೂತ್ರ ಹಿಡಿದ ಹೊತ್ತು ಎರಡನ್ನೂ ಬರೆಯಿರಿ. ಮೈಗೆ ಎಷ್ಟು ವಿಷ ಸೇರಿತ್ತು ಅಂತ ಅಂದಾಜು ಮಾಡುವವರಿಗೆ ಆ ಎರಡೂ ಬೇಕಾಗುತ್ತವೆ.

ಇತಿ,
ಒಬ್ಬ ನಿವೃತ್ತ ಡಯಾಲಿಸಿಸ್ ನರ್ಸ್,
ಉಡುಪಿ ಜಿಲ್ಲೆ